ಒಂದು ಗೇಣು ಹೆಚ್ಚಿನ ಪರದೆ

ಆ ಬಡಾವಣೆಯಲ್ಲಿ ನಾಯಿಗಳಿಗೂ ಕೋಟು. ಮನುಷ್ಯರು ಏನು ತೊಡುತ್ತಾರೆಂದು ಹೇಳುವುದು ಕಷ್ಟ, ಕಾರಿನಿಂದ ಇಳಿದರೆ ತಾನೆ ಕಾಣುವುದು! ಕಾಲುದಾರಿಗೆ ಹಾಸಿದ ಕಲ್ಲು ಎಷ್ಟು ನುಣುಪೆಂದರೆ ಅದರ ಮೇಲೆ ನಡೆಯುವ ಧೈರ್ಯ ಯಾರಿಗೂ ಇಲ್ಲ. ಅಂಗಡಿಯ ಗಾಜಿನ ಹಿಂದೆ ಒಂದೇ ಒಂದು ಚಪ್ಪಲಿ ಇಟ್ಟಿರುತ್ತಾರೆ. ಇನ್ನೊಂದು ಎಲ್ಲಿ ಎಂದು ಕೇಳುವವರು ಅದನ್ನು ಕೊಳ್ಳುವ ಪೈಕಿ ಅಲ್ಲ. ಒಂದು ಸೂಜಿ ಬೇಕೆಂದರೆ ಮಾತ್ರ ಇಡೀ ಬೀದಿ ಜಾಲಾಡಿದರೂ ಸಿಗದು.

ಅಂಥ ಬೀದಿಯ ಅತಿ ಎತ್ತರದ ಕಟ್ಟಡದಲ್ಲಿ, ತುತ್ತತುದಿಯ ಮನೆಯನ್ನು ಬಾಡಿಗೆಗೆ ಬರುವವರಿಗೆ ತೋರಿಸುವುದು ಕೀಲಿಕೈಯ ಕೆಲಸ. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು ಜಣಗುಟ್ಟುತ್ತಿದ್ದುದರಿಂದ ಮನೆಯೊಡತಿಯ ಕಚೇರಿಯವರು ಅವನಿಗೆ ಇಟ್ಟ ಹೆಸರು ಅದು. ಸೋಫಾದಿಂದ ಸೌಟಿನವರೆಗೆ ಎಲ್ಲ ಇರುವ ಮನೆ, ಬರುವವರು ಹಲ್ಲುಜ್ಜುವ ಬ್ರಷ್ ತಂದರೆ ಸಾಕು. ಕೀಲಿಕೈ ಬಾಗಿಲು ತೆರೆದು, ದೀಪ ಹಾಕಿ, ಕಿಟಕಿಯತ್ತ ಕೈ ತೋರಿಸಿ ಸುಮ್ಮನಾಗಬೇಕು. ಅವನಿಗೆ ಸಂಬಳ ಕೊಡುತ್ತಿದ್ದುದೇ ಆ ಸುಮ್ಮನಾಗುವುದಕ್ಕೆ.

ಹಾಗೆ ಸುಮ್ಮನಾಗಿಯೇ ಅವನು ಸುಳ್ಳಿಗೆ ಸಿಕ್ಕಿಬಿದ್ದದ್ದು. ಒಮ್ಮೆ ಆ ಸೋಫಾದ ಧೂಳು ಹೊಡೆಯುತ್ತಿದ್ದಾಗ ಅಕ್ಕನ ವಿಡಿಯೋ ಕರೆ ಬಂತು. ಅವನ ತಲೆಯ ಹಿಂದೆ ತೂಗುತ್ತಿದ್ದ ಗಾಜಿನ ದೀಪಗಳನ್ನು ಕಂಡು, "ಪುಟ್ಟಾ, ಇದು ನಿನ್ನ ಮನೇನಾ?" ಎಂದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನುವಷ್ಟರಲ್ಲಿ ಅಕ್ಕ ಅಳತೊಡಗಿದ್ದಳು. ಅಮ್ಮ ಸತ್ತ ಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿದವಳು ಅವಳು. ಆ ಸಂತೋಷದ ಕಣ್ಣೀರಿಗೆ ಅಡ್ಡ ಬರಲು ಅವನಿಗೆ ಬಾಯಿ ಬರಲಿಲ್ಲ. ಮರುದಿನವೇ ಅಕ್ಕನ ಬೀದಿಗೆಲ್ಲ ಸುದ್ದಿಯಾಯಿತು. ಇತ್ತ ಕೀಲಿಕೈ ವಾಸವಾಗಿದ್ದದ್ದು ಊರಿನ ಆ ತುದಿಯಲ್ಲಿ, ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ.

ಈಗ ಅಕ್ಕ ಎಲ್ಲಿಗೋ ಹೋಗುವ ದಾರಿಯಲ್ಲಿ, ಬಸ್ಸು ಬದಲಿಸುವ ನಡುವೆ, ತಮ್ಮನ ಅರಮನೆ ನೋಡಲು ಬಂದಿದ್ದಳು. ಮನೆ ಖಾಲಿಯಿತ್ತು, ಮನೆಯೊಡತಿ ಪರವೂರಿನಲ್ಲಿದ್ದಳು. ಈ ಒಂದು ಮಧ್ಯಾಹ್ನ ದಾಟಿದರೆ ಅಕ್ಕನ ಎದುರು ಮಾನ ಉಳಿಯುತ್ತದೆ. ದಾಟದಿದ್ದರೆ ಮಾನದ ಜೊತೆ ಕೆಲಸವೂ ಹೋಗುತ್ತದೆ.

ಅಕ್ಕ ಸೋಫಾದ ಅಂಚಿನಲ್ಲಿ, ಯಾರೋ ಎಬ್ಬಿಸಿಯಾರು ಎಂಬಂತೆ ಕುಳಿತಳು. ಎದುರಿನ ಮೇಜಿನ ಬುಟ್ಟಿಯಿಂದ ಸೇಬು ತೆಗೆದು ಕಚ್ಚಿದಳು. ಕಚ್ಚಿದ ಬಾಯಿ ಹಾಗೇ ನಿಂತಿತು.

"ಪುಟ್ಟಾ, ಇದು ಮೇಣ ಕಣೋ!"

"ನೋಡೋಕೆ ಇಟ್ಟಿರೋದು ಅಕ್ಕ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಎಂದು ಹಲ್ಲಿನ ಗುರುತನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಆಮೇಲೆ ಕಪಾಟಿನಿಂದ ಒಂದು ಪುಸ್ತಕ ಎಳೆದರೆ ಇಡೀ ಸಾಲೇ ಕೈಗೆ ಬಂತು. ಒಳಗೆ ಹಾಳೆಗಳಿರಲಿಲ್ಲ, ಬರೀ ಬೆನ್ನು.

"ಇವೇನೋ ಹೀಗೆ ಅಂಟ್ಕೊಂಡಿವೆ?"

"ತೇವಕ್ಕೆ ಅಕ್ಕ," ಎಂದ ಕೀಲಿಕೈ ಬೆವರುತ್ತ. ಇನ್ನು ಒಲೆ ಹಚ್ಚು ಎಂದರೆ ಕಥೆ ಮುಗಿಯಿತು, ಆ ಒಲೆ ಉರಿದದ್ದನ್ನು ಅವನೂ ಕಂಡಿರಲಿಲ್ಲ. "ಕೂತಿರು, ಚಹಾ ತರ್ತೀನಿ," ಎಂದು ಕೆಳಗೆ ಓಡಿದ.

ಆ ಬೀದಿಯಲ್ಲಿ ಚಹಾ ಬೇಗ ಸಿಗುತ್ತದೆಯೇ? ಯಾವ ಬೆಟ್ಟದ ಎಲೆ, ಎಷ್ಟು ಬಿಸಿ, ಯಾವ ಹಾಲು ಎಂದು ಮದುವೆ ಮಾತುಕತೆಯಂತೆ ವಿಚಾರಿಸಿ, ಕೊನೆಗೆ ಹೆಬ್ಬೆರಳುದ್ದದ ಎರಡು ಲೋಟ ಕೊಟ್ಟರು. ಹಿಡಿದುಕೊಂಡು ಮೇಲೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

ಅಕ್ಕ ನೆಲದ ಮೇಲೆ ಕುಳಿತಿದ್ದಳು. ಬಾಯಲ್ಲಿ ಗುಂಡುಸೂಜಿ, ಮಡಿಲಲ್ಲಿ ರೇಷ್ಮೆ ಪರದೆ, ಪಕ್ಕದಲ್ಲಿ ಅವಳ ಚೀಲದಲ್ಲಿ ಸದಾ ಇರುವ ಕತ್ತರಿ.

"ನೆಲ ಗುಡಿಸ್ತಿದ್ವು ಕಣೋ," ಎಂದಳು ಸೂಜಿಗಳ ಸಂದಿನಿಂದ. "ಯಾವ ಬೇಕೂಫ ಅಳತೆ ತಗೊಂಡನೋ, ಒಂದು ಗೇಣು ಹೆಚ್ಚು! ಎರಡೂ ಕತ್ತರಿಸಿದೆ. ಒಂದು ಮಡಿಸಿ ಹೊಲಿದಾಯ್ತು, ಇದೊಂದು ಬಾಕಿ. ಮನೆಗೆ ಬರೋಳು ಬರಿಗೈಲಿ ಬಂದಿದ್ದೆ, ಇದೇ ನನ್ನ ಉಡುಗೊರೆ ಅಂದ್ಕೋ."

ಆ ಹೆಚ್ಚಿನ ಗೇಣೇ ಶ್ರೀಮಂತಿಕೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಪರದೆ ನೆಲದ ಮೇಲೆ ಸೋಮಾರಿಯಾಗಿ ಬಿದ್ದುಕೊಂಡಿರಬೇಕೆಂದು ಮನೆ ಅಲಂಕಾರದವನು ಮಂಡಿಯೂರಿ ಮಡಿಕೆ ಮಡಿಕೆಯಾಗಿ ಜೋಡಿಸಿ ಹೋಗಿದ್ದ. ಈಗ ಹೊಲಿದ ಪರದೆ, ಬೆಳೆದ ಹುಡುಗನ ಹಳೆಯ ಚಡ್ಡಿಯಂತೆ, ನೆಲ ಬಿಟ್ಟು ಮೇಲೆ ನಿಂತಿತ್ತು.

ಅಷ್ಟರಲ್ಲಿ, ಪರವೂರಿನಲ್ಲಿರಬೇಕಿದ್ದ ಮನೆಯೊಡತಿ ಹಿಂದಿನಿಂದ ಬಾಗಿಲು ತಳ್ಳಿಕೊಂಡು ಬಂದಳು, ಕಂಕುಳಲ್ಲಿ ಒಂದು ಹೂದಾನಿ ಇತ್ತು. ಪರದೆ ನೋಡಿದಳು, ಅಕ್ಕನನ್ನು ನೋಡಿದಳು.

"ಯಾರಿದು?"

ಕೀಲಿಕೈಯ ನಾಲಿಗೆ ಅವನಿಗಿಂತ ಮೊದಲು ಓಡಿತು. "ಹೊಲಿಗೆಯವರು, ಮೇಡಂ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು.

"ಹೌದಮ್ಮಾ, ಹೊಲಿಗೆಯವಳೇ. ತಮ್ಮನ ಮನೆ ಅಂತ ಬಂದೆ, ಮನೆ ತಪ್ಪಿತು. ಇವ್ರು ಯಾರೋ ನಂಗೆ ಗೊತ್ತಿಲ್ಲ."

"ಅದು ನೆಲದ ಮೇಲೆ ಹರಡಿರಬೇಕಾದ ಪರದೆ!" ಎಂದು ಮನೆಯೊಡತಿ ಕಿರುಚಿದಳು.

"ಯಾಕಮ್ಮಾ, ಅದಕ್ಕೇನು ಸುಸ್ತಾಗಿತ್ತಾ?" ಎಂದು ಅಕ್ಕ ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು.

ಕೀಲಿಕೈ ಇಂಗು ತಿಂದ ಮಂಗನಂತೆ ಎರಡೂ ಕೈಯಲ್ಲಿ ಚಹಾ ಹಿಡಿದು ನಿಂತಿದ್ದ. ಮನೆಯೊಡತಿ ಕೆಲಸದಿಂದ ತೆಗೆಯುವ ಮಾತು ಮುಗಿಸುವ ಮೊದಲೇ ಲೋಟ ಇಳಿಸಿ, ಗೊಂಚಲನ್ನು ಮೇಣದ ಸೇಬಿನ ಪಕ್ಕ ಎಸೆದು, ಮೆಟ್ಟಿಲಿಳಿದು ಓಡಿದ. ಅಕ್ಕನನ್ನು ಹುಡುಕುವುದು ಕಷ್ಟವಾಗಲಿಲ್ಲ. ಆ ಬೀದಿಯಲ್ಲಿ ನಡೆಯುತ್ತಿದ್ದವಳು ಅವಳೊಬ್ಬಳೇ.

"ಅಕ್ಕಾ!"

"ಯಾರಪ್ಪಾ ನೀನು?"

"ಅದು ನನ್ನ ಮನೆ ಅಲ್ಲ ಅಕ್ಕ. ನನ್ನದು ಇಸ್ತ್ರಿ ಅಂಗಡಿ ಮೇಲೆ ಒಂದು ಕೋಣೆ."

"ಮೇಣ ಕಚ್ಚಿದಾಗ್ಲೇ ಅನ್ಕೊಂಡೆ," ಎಂದಳು ಅಕ್ಕ. "ಮನೆ ಸುಳ್ಳಾದ್ರೆ ಆಗ್ಲಿ ಬಿಡು. ಆದ್ರೆ ಯಾರು ಅಂತ ಆಕೆ ಕೇಳಿದಾಗ..." ಅವಳು ಮುಖ ಅತ್ತ ತಿರುಗಿಸಿದಳು. ಕೀಲಿಕೈಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕೆನಿಸಿತು, ಆದರೆ ಅಷ್ಟು ನುಣುಪಾದ ಕಲ್ಲು ಎಲ್ಲಿ ಬಾಯಿಬಿಡುತ್ತದೆ!

ಅಕ್ಕನೇ ಮೂಗೊರೆಸಿಕೊಂಡು ಕೇಳಿದಳು. "ನಿನ್ನ ಕೋಣೆಗೆ ಕಿಟಕಿ ಇದೆಯಾ?"

"ಒಂದಿದೆ."

"ಪರದೆ?"

"ಹಳೇ ಪೇಪರ್ ಅಂಟಿಸಿದೀನಿ."

ಅಕ್ಕ ಚೀಲ ತೆರೆದು ತೋರಿಸಿದಳು. ಕತ್ತರಿಸಿದ ಎರಡು ಗೇಣಿನ ರೇಷ್ಮೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಒಳಗೆ ಕೂತಿತ್ತು. "ಜೋಡಿಸಿದ್ರೆ ಆಗತ್ತೆ. ನಡಿ, ಬಸ್ಸು ಆಮೇಲೆ ನೋಡೋಣ."

ಕೀಲಿಕೈ ಅಭ್ಯಾಸಬಲದಿಂದ ಸೊಂಟ ಮುಟ್ಟಿಕೊಂಡ. ಬರಿದು! ಅವನ ಕೋಣೆಯ ಬೀಗದಕೈಯೂ ಅದೇ ಗೊಂಚಲಿನಲ್ಲಿತ್ತು.

ಕಟ್ಟಡದ ತುದಿಯನ್ನು ಒಮ್ಮೆ ನೋಡಿದ. ಆಮೇಲೆ ಅಕ್ಕನ ಕೈ ಹಿಡಿದುಕೊಂಡು ಮತ್ತೆ ಮೇಲೆ ಹೋಗಿ ಗಂಟೆ ಒತ್ತಿದ. ಮನೆಯೊಡತಿ ಬಾಗಿಲು ತೆರೆದು ಉರಿಗಣ್ಣು ಬಿಟ್ಟಳು.

"ಇವರು ನನ್ನ ಅಕ್ಕ, ಮೇಡಂ," ಎಂದ ಕೀಲಿಕೈ, ಯಾರೂ ಕೇಳದಿದ್ದರೂ. "ನನ್ನನ್ನ ಸಾಕಿದೋರು. ನನ್ನ ಕೋಣೆ ಬೀಗದಕೈ ಇಲ್ಲೇ ಬಿಟ್ಟಿದ್ದೆ."

ಮನೆಯೊಡತಿ ಗೊಂಚಲು ತಂದು ಅವನ ಮುಂದೆ ಚಾಚಿದಳು. ಅಕ್ಕ ತಮ್ಮನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿದಳು. ಆಮೇಲೆ ಬಾಗಿಲ ಸಂದಿನಿಂದ ಒಳಗೆ ಇಣುಕಿ, ಸ್ವಂತ ಮನೆಯವಳಷ್ಟೇ ಕಾಳಜಿಯಿಂದ ಹೇಳಿದಳು:

"ಆ ಸೇಬು ಮಾತ್ರ ತಿನ್ಬೇಡಮ್ಮಾ, ಮೇಣದ್ದು."