ಮುಚ್ಚದೆ ಉಳಿದ ಕರೆಗಳು

ಆಸ್ಪತ್ರೆಯ ಸರ್ವರ್ ಮತ್ತೆ ಮುಷ್ಕರ ಹೂಡಿತು. ರಕ್ತಪರೀಕ್ಷೆಯ ವರದಿಗಳು ವಾರ್ಡಿಗೆ ಹೋಗಲಿಲ್ಲ. ನರ್ಸುಗಳು ಚೀಟಿ ಹಿಡಿದು ಮೆಟ್ಟಿಲು ಹತ್ತಿಳಿಯತೊಡಗಿದರು. ಸರ್ವರ್ ನೋಡಿಕೊಳ್ಳುವ ಅವಳು ತಲೆಯೆತ್ತಿ ಮೊದಲು ನೋಡಿದ್ದು ಎದುರು ಮೇಜಿನಲ್ಲಿ ಕೆಲಸ ಮಾಡುವ ತನ್ನ ತಂಗಿಯ ಗಂಡನನ್ನು.

ಅವನು ಆಗಲೇ ಎದ್ದು ಸರ್ವರ್ ಕೋಣೆಗೆ ಹೊರಟಿದ್ದ, ಯಾರೂ ಕರೆಯುವ ಮೊದಲೇ. ಫೋನನ್ನು ಎಂದಿನಂತೆ ಮೇಜಿನ ಮೇಲೆ ಮಗುಚಿಟ್ಟಿದ್ದ.

ತಂಗಿಯ ಮುಖ ನೋಡಿ ಅವನನ್ನು ಇಲ್ಲಿ ಸೇರಿಸಿದ್ದು ಅವಳೇ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದಾಗ "ಸರಿಬರಲಿಲ್ಲ" ಎಂದು ನಕ್ಕಿದ್ದ. ಆ ನಗು ಅವಳಿಗೆ ಇನ್ನೂ ಜೀರ್ಣವಾಗಿರಲಿಲ್ಲ. ಅವನು ಬಂದ ಮೇಲೆಯೇ ಈ ಕಾಟ ಶುರುವಾಗಿತ್ತು. ಎಲ್ಲದರಲ್ಲೂ ಹುಳುಕು ಹುಡುಕುವ ಅವಳಿಗೆ ಕಚೇರಿಯವರು ದುರ್ಬೀನು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ವಿಭಾಗದ ಮೇಡಂ ಬಾಗಿಲಲ್ಲೇ ನಿಂತು ಕೇಳಿದರು. "ಏನ್ರೀ ದುರ್ಬೀನು, ಇನ್ನೂ ಏನೂ ಕಾಣ್ಲಿಲ್ವಾ? ಸಂಜೆಯೊಳಗೆ ಹೇಳಿ. ನಿಮ್ಮ ತಂಗಿ ಗಂಡಂದೇ ಕೈವಾಡ ಆದ್ರೆ ನಾಳೆಯಿಂದ ಬರೋದು ಬೇಡ ಅಂತೀನಿ. ಆಮೇಲೆ ಸಂಬಂಧ ಅಂತ ಅಡ್ಡ ಬರ್ಬೇಡಿ."

ತಂಗಿ ತುಂಬು ಬಸುರಿ. ಮನೆ ನಡೆಯುತ್ತಿದ್ದುದು ಅವನೊಬ್ಬನ ಸಂಬಳದಿಂದ.

ಅವನು ಸರ್ವರ್ ರೀಸ್ಟಾರ್ಟ್ ಮಾಡುವ ಮೊದಲೇ ಅವಳು ಆಗ ತೆರೆದೇ ಉಳಿದಿದ್ದ ಸಾಕೆಟ್‌ಗಳ ಪಟ್ಟಿ ತೆಗೆದಿಟ್ಟುಕೊಂಡಿದ್ದಳು. ಬೇರೆ ಕಂಪ್ಯೂಟರುಗಳಿಂದ ಸರ್ವರಿಗೆ ಬರುವ ಪ್ರತಿ ಕರೆಗೂ ಫೋನಿನ ಲೈನಿನಂತೆ ಒಂದು ಸಾಕೆಟ್ ಬೇಕು. ಮಾತು ಮುಗಿದ ಮೇಲೆ ಅದನ್ನು ಮುಚ್ಚಬೇಕು. ಮುಚ್ಚದವು ಗುಡ್ಡೆಯಾದರೆ, ರೀಸ್ಟಾರ್ಟ್ ಮಾಡಿ ಖಾಲಿ ಮಾಡುವವರೆಗೆ ಹೊಸ ಕರೆಗೆ ಜಾಗವಿಲ್ಲ. ಪಟ್ಟಿಯ ತುಂಬ ಒಂದೇ ವಿಳಾಸ: ಲ್ಯಾಬಿನ ವರದಿ ಕಳಿಸುವ ಅವನ ಕಂಪ್ಯೂಟರ್.

ಸಿಕ್ಕಿಬಿದ್ದ! ಊಹೆ ನಿಜವಾದ ಸಮಾಧಾನದ ಬೆನ್ನಿಗೇ ಅವಳಿಗೆ ತಂಗಿಯ ನೆನಪಾಯಿತು.

"ಅತ್ತಿಗೆ, ಸರಿ ಮಾಡಿದೀನಿ," ಎನ್ನುತ್ತ ಅವನು ಬಂದ. "ಸಂಜೆವರೆಗೆ ಏನೂ ಆಗಲ್ಲ."

"ಅದು ನಿಮಗೆ ಹೇಗೆ ಗೊತ್ತು?"

"ಅಂದಾಜು," ಎಂದು ಮತ್ತದೇ ನಗು ನಕ್ಕ.

ಅವಳು ಮೇಡಂ ಕೋಣೆಗೆ ಹೊರಟವಳು, ಆತುರಪಡಬಾರದೆಂದು, ಪಟ್ಟಿಯನ್ನು ಇನ್ನೊಮ್ಮೆ ಓದಿದಳು. ಅವನ ಕಂಪ್ಯೂಟರ್ ಪ್ರತಿ ಸಲವೂ ಮಾತು ಮುಗಿಸಿ ಫೋನಿಟ್ಟಿತ್ತು. ಇಡದೆ ಹಿಡಿದುಕೊಂಡಿದ್ದುದು ಈ ಕಡೆಯದು, ಸರ್ವರಿನ ಪ್ರೋಗ್ರಾಂ. ಆದರೆ ಬೇರೆಯವರ ಸಾಕೆಟ್‌ಗಳನ್ನೆಲ್ಲ ಚೆನ್ನಾಗಿಯೇ ಮುಚ್ಚುವ ಅದು ಇವನದನ್ನು ಮಾತ್ರ ಯಾಕೆ ಹಿಡಿದುಕೊಂಡಿತು?

ಅವಳಿಗೆ ತಟ್ಟನೆ ಹೊಳೆಯಿತು. ಅವನು ಸೇರಿದ ದಿನ ಅವಳೇ ಗುಟ್ಟಾಗಿ ಆ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದ್ದಳು: ಇವನ ಕಂಪ್ಯೂಟರಿನಿಂದ ಏನೇ ಬಂದರೂ ಒಂದು ನಕಲು ತನಗೆ ಬರಲಿ ಎಂದು. ತೆರೆದು ನೋಡಿದಳು. ನಕಲು ತೆಗೆದ ಮೇಲೆ ಪ್ರೋಗ್ರಾಂ ಅಲ್ಲಿಂದಲೇ ಹಿಂದಿರುಗುತ್ತಿತ್ತು. ಸಾಕೆಟ್ ಮುಚ್ಚುವ ಸಾಲಿನವರೆಗೆ ಹೋಗುತ್ತಲೇ ಇರಲಿಲ್ಲ.

ಅಳಿಸುವುದಕ್ಕೆ ಒಂದು ಬೆರಳು ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ತಪ್ಪು ಹೊರಿಸಲು ಪಟ್ಟಿಯಲ್ಲಿ ಅವನ ವಿಳಾಸ ಇದ್ದೇ ಇತ್ತು. ಆದರೂ ಅವಳು ಸಾಲುಗಳನ್ನು ಅಳಿಸದೆ ಮೇಡಂ ಅವರನ್ನೇ ಕರೆತಂದು ತೋರಿಸಿದಳು.

"ನನ್ನದೇ ಕೈವಾಡ, ಮೇಡಂ. ಅವರದಲ್ಲ."

ಮೇಡಂ ಪರದೆಯನ್ನೂ ಅವಳನ್ನೂ ನೋಡಿ, "ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ," ಎಂದಷ್ಟೇ ಹೇಳಿ ಹೋದರು.

ಅವನು ಕುರ್ಚಿಯಿಂದ ಕದಲಿರಲಿಲ್ಲ. ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು ಅವಳು.

"ಹೋದ ವಾರ ಆ ಸಾಲುಗಳನ್ನ ನೋಡ್ದೆ. ಅದಕ್ಕೇ ಓಡೋಡಿ ರೀಸ್ಟಾರ್ಟ್ ಮಾಡ್ತಿದ್ದೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ, ಅತ್ತಿಗೆ?"

ಅವಳು ಆ ನಾಲ್ಕು ಸಾಲುಗಳನ್ನು ಅಳಿಸಿದಳು. ಮೇಜಿನ ಮೇಲೆ ಮಗುಚಿಟ್ಟ ಫೋನು ಗುಂಯ್‌ಗುಟ್ಟಿತು. ಅವನು ಅದನ್ನೆತ್ತಿ ನೋಡಿ, ಮತ್ತೆ ಮಗುಚಿಟ್ಟ. ಯಾರದೆಂದು ಕೇಳಬಾರದೆಂದು ಅವಳು ತುಟಿ ಕಚ್ಚಿಕೊಂಡಳು.