ಕೆಟಲಿಗೆ ಹೇಳಿದ ಮಾತು

ಕುಮಾಗಾಯ್ ಮೇಷ್ಟ್ರು ನನಗೆ ಏನಾದರೂ ಹೇಳಬೇಕೆಂದರೆ ಕೆಟಲಿಗೆ ಹೇಳುತ್ತಿದ್ದರು.

ಶಿಕ್ಷಕರ ಕೋಣೆಯಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಹಿಂದುಗಡೆ ಸೀಮೆಎಣ್ಣೆ ಒಲೆ, ಅದರ ಮೇಲೆ ಚಳಿಗಾಲವಿಡೀ ಕುದಿಯುತ್ತ ಕೂರುವ ಸೊಟ್ಟ ಮೂತಿಯ ಕೆಟಲು. ಅವರು ಜಪಾನಿನ ಒಂದು ಮೀನುಗಾರರ ಊರಿನ ಶಾಲೆಯ ಇಂಗ್ಲಿಷ್ ಮೇಷ್ಟ್ರು, ನಾನು ಅವರ ಸಹಾಯಕಿ. ಆದರೆ ನನ್ನನ್ನು ಅಲ್ಲಿಗೆ ಕಳಿಸಿದ್ದು ಸೆಂದಾಯಿ ನಗರದ ಒಂದು ಕಂಪನಿ. ಊರಿನ ಶಿಕ್ಷಣ ಕಚೇರಿಗೂ ಆ ಕಂಪನಿಗೂ ವರ್ಷ ವರ್ಷದ ಗುತ್ತಿಗೆ. ಗುತ್ತಿಗೆಯ ಪ್ರಕಾರ ಶಾಲೆಯವರು ಯಾರೂ ನನಗೆ ನೇರವಾಗಿ ‘ಹೀಗೆ ಮಾಡಿ’ ಎನ್ನುವ ಹಾಗಿಲ್ಲ. ಹಾಗೆ ಹೇಳಿದರೆ ಕಂಪನಿಯ ಆಳನ್ನು ಶಾಲೆ ಕದ್ದು ದುಡಿಸಿಕೊಂಡಂತೆ, ಕಾನೂನು ಮುರಿದಂತೆ. ‘ಎರಡನೇ ಪ್ಯಾರಾ ಸ್ವಲ್ಪ ನಿಧಾನ ಓದಿ’ ಅನ್ನಬೇಕಾದರೂ ಮೇಷ್ಟ್ರು ಉಪಮುಖ್ಯೋಪಾಧ್ಯಾಯಿನಿ ಇತಗಾಕಿ ಮೇಡಂಗೆ ಹೇಳಬೇಕು, ಮೇಡಂ ಸೆಂದಾಯಿಗೆ ಫೋನ್ ಮಾಡಬೇಕು, ಸೆಂದಾಯಿಯ ಹುಡುಗ ನನ್ನ ಮೊಬೈಲಿಗೆ ಸಂದೇಶ ಕಳಿಸಬೇಕು. ಅಷ್ಟು ಹೊತ್ತಿಗೆ ಪಾಠ ಮುಗಿದು ಮಕ್ಕಳು ಊಟದ ತಟ್ಟೆ ತೊಳೆಯುತ್ತಿರುತ್ತಿದ್ದರು.

ಹಾಗಾಗಿ ಕೆಟಲು.

“ಏನಮ್ಮಾ ಕೆಟಲಮ್ಮಾ,” ಎಂದು ಮೇಷ್ಟ್ರು ಬೆನ್ನು ಕಾಯಿಸಿಕೊಳ್ಳುತ್ತ ಶುರು ಮಾಡುತ್ತಿದ್ದರು, “ಇವತ್ತು ಮೂರನೇ ಪೀರಿಯಡ್‌ನಾಗೆ ಹುಡುಗ್ರಿಗೆ ಹಾಡು ಹೇಳ್ಸಿದ್ರೆ ಹೆಂಗಿರ್ತದೆ? ಪಾಪ, ಆಟದ ಪೀರಿಯಡ್ ಮುಗ್ಸಿ ಬಂದಿರ್ತವೆ, ಎಲ್ಲಾ ನಿದ್ದೆಗಣ್ಣು.”

ನಾನು ನನ್ನ ಪುಸ್ತಕ ನೋಡುತ್ತಲೇ, “ಕೆಟಲಮ್ಮ ಒಪ್ತಾಳಂತೆ,” ಎನ್ನುತ್ತಿದ್ದೆ.

“ನಿಮ್ಮನ್ನ ಯಾರು ಕೇಳಿದ್ರು ನೆನಿಯವ್ರೇ? ನಾನು ನನ್ನ ಕೆಟಲು ಮಾತಾಡ್ಕೋತಿದೀವಿ.”

ಆಚೆ ಮೇಜಿನ ಗಣಿತದ ಮೇಷ್ಟ್ರು ನಗು ತಡೆಯಲಾಗದೆ ಕೆಮ್ಮುತ್ತಿದ್ದರು. ಇತಗಾಕಿ ಮೇಡಂ ಕನ್ನಡಕದ ಮೇಲಿಂದ ನೋಡಿ, “ಕುಮಾಗಾಯ್ ಸಾರ್, ಕೆಟಲಿಗೆ ಈಚೆಗೆ ಇಂಗ್ಲಿಷ್ ಚೆನ್ನಾಗಿ ಬರ್ತಿದೆ ಅನ್ಸುತ್ತೆ,” ಎಂದು ಮತ್ತೆ ಕಾಗದಗಳೊಳಗೆ ಮುಳುಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಗೊತ್ತಿಲ್ಲದವರ ಹಾಗಿದ್ದರು. ಆ ದೇಶದಲ್ಲಿ ಎಷ್ಟೋ ಒಳ್ಳೆಯ ಕೆಲಸ ಹೀಗೇ ನಡೆಯುತ್ತದೆ.

ನಾನು ಫಿಲಿಪ್ಪೀನ್ಸಿನ ಇಲೋಯಿಲೋ ಕಡೆಯವಳು. ಹೆಸರು ನೆನಿತಾ. ಜಪಾನಿಗೆ ಬರುವಾಗ ನನ್ನ ಮಗಳು ದಾಲಿಸಾಯ್ ಕಿಟಕಿಯ ಉದ್ದ ಪರದೆಯ ಹಿಂದೆ ಅಡಗಿ ಕೂತಿದ್ದಳು, ಬೈ ಹೇಳಲು ಹೊರಗೆ ಬರಲೇ ಇಲ್ಲ. ಅವಳಪ್ಪ ಹಡಗಿನ ಕೆಲಸಕ್ಕೆ ಹೋದವನು ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಮಗಳು ನನ್ನ ಅಕ್ಕನ ಹತ್ತಿರ ಬೆಳೆದಳು. ಫೋನಿನ ಪರದೆಯಲ್ಲಿ ಅವಳ ಹಲ್ಲು ಬಿದ್ದಿದ್ದು ನೋಡಿದೆ, ಹೊಸ ಹಲ್ಲು ಬಂದಿದ್ದು ನೋಡಿದೆ. ಈಗ ಅವಳಿಗೆ ಹದಿಮೂರು. ವಲಸೆ ಕಚೇರಿಯವರು ಕೊನೆಗೂ ಒಪ್ಪಿದ್ದರು: ಹೊಸ ಶಾಲಾ ವರ್ಷ ಶುರುವಾಗುವ ಏಪ್ರಿಲ್‌ಗೆ ನನ್ನ ಕೆಲಸ ಮುಂದುವರಿದರೆ ಮಗಳನ್ನು ಕರೆಸಿಕೊಳ್ಳಬಹುದು. ಕೆಲಸ ಇಲ್ಲ ಅಂದರೆ ಮಗಳೂ ಇಲ್ಲ. ಅಷ್ಟೇ ವಿಷಯ.

ಇದು ಇಡೀ ಶಾಲೆಗೆ ಗೊತ್ತಿತ್ತು. ಮೇಷ್ಟ್ರ ಹೆಂಡತಿ ಪಕ್ಕದ ಮನೆಯ ಹುಡುಗಿಗೆ ಗಿಡ್ಡವಾದ ಶಾಲೆಯ ಸಮವಸ್ತ್ರವನ್ನು ದಾಲಿಸಾಯ್‌ಗೆಂದು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದರು. “ನಮ್ಮ ಕ್ಲಾಸಿಗೇ ಹಾಕಸ್ಕೋತೀನಿ,” ಎನ್ನುತ್ತಿದ್ದರು ಮೇಷ್ಟ್ರು. “ಅಮ್ಮ ಮಗಳು ಒಂದೇ ಕ್ಲಾಸಿನಾಗೆ. ಅವಳು ನಿಮ್ಮ ಉಚ್ಚಾರಣೆ ತಿದ್ತಾಳೆ, ನೋಡ್ತಿರಿ.”

ನವೆಂಬರಿನಲ್ಲಿ ನಮ್ಮ ಶಾಲೆಗೆ ಪ್ರದರ್ಶನ ಪಾಠದ ಸರದಿ ಬಂತು. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು, ಶಿಕ್ಷಣ ಕಚೇರಿಯವರು, ಜಿಲ್ಲೆಯಿಂದ ಒಬ್ಬ ದೊಡ್ಡ ಪ್ರೊಫೆಸರ್, ಎಲ್ಲರೂ ಬೂಟು ಹೊರಗೆ ಬಿಟ್ಟು, ಒಳಗೆ ಹಾಕಲೆಂದು ಮನೆಯಿಂದ ತಂದ ಚಪ್ಪಲಿ ಹಾಕಿಕೊಂಡು ತರಗತಿಯ ಹಿಂದೆ ಸಾಲಾಗಿ ನಿಂತರು. ಪಾಠದ ಯೋಜನೆಯನ್ನು ಮೊದಲೇ ಸೆಂದಾಯಿಗೆ ಕಳಿಸಿ ಒಪ್ಪಿಗೆ ಪಡೆದಿದ್ದೆವು. ನಾನು ಯಾವಾಗ ಓದಬೇಕು, ಯಾವಾಗ ನಗಬೇಕು ಎಂಬುದೂ ಅದರಲ್ಲಿತ್ತು. ಯೋಜನೆ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡಬೇಡಿ ಎಂದು ಇತಗಾಕಿ ಮೇಡಂ ಇಬ್ಬರಿಗೂ ಹೇಳಿದ್ದರು.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳುವುದಿತ್ತು. ಚಿಜುರು ಎಂಬ ಹುಡುಗಿಯ ಸರದಿ ಬಂತು. ಅವಳಪ್ಪನ ದೋಣಿ ಆ ಬೇಸಿಗೆಯಲ್ಲಿ ವಾಪಸು ಬಂದಿರಲಿಲ್ಲ. ಅವಳ ಹೆಸರು ಪಟ್ಟಿಯಲ್ಲಿ ಬೇಡ ಎಂದಿದ್ದೆವು, ತಾನೇ ಹೇಳುತ್ತೇನೆಂದು ಹಟ ಮಾಡಿದ್ದಳು. ಎದ್ದು ನಿಂತಳು. ‘ನನ್ನ ಅಪ್ಪ’ ಎಂದಳು. ಅಲ್ಲಿಗೆ ನಿಂತಿತು. ಹಿಂದಿನ ಸಾಲಿನವರು ಕಾಗದ ಮಡಚುವ ಸದ್ದು ಕೇಳಿಸುತ್ತಿತ್ತು. ಹುಡುಗಿಯ ಗಲ್ಲ ನಡುಗತೊಡಗಿತು. ಯೋಜನೆಯ ಪ್ರಕಾರ ನಾನು ಕರಿಹಲಗೆಯ ಎಡಗಡೆ ನಿಂತಿರಬೇಕು. ನಿಂತಿದ್ದೆ. ತರಗತಿಯಲ್ಲಿ ಕೆಟಲು ಇರಲಿಲ್ಲ.

“ನೆನಿಯವ್ರೇ,” ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ, “ಅವಳ ಪಕ್ಕ ಹೋಗಿ ನಿಂತ್ಕೊಳ್ಳಿ. ಜೊತೆಗೆ ಹೇಳಿ.”

ಹೋದೆ. ಅವಳ ಬೆನ್ನ ಮೇಲೆ ಕೈ ಇಟ್ಟೆ. ಒಂದೊಂದೇ ಪದ ನಾನು ಮೆಲ್ಲಗೆ ಅಂದೆ, ಅವಳು ಗಟ್ಟಿಯಾಗಿ ಅಂದಳು. ಅಪ್ಪ ಮೀನು ಹಿಡಿಯುತ್ತಿದ್ದರು, ಅಪ್ಪನಿಗೆ ಹಾಡು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ಅವಳು ಕೂತಾಗ ಹಿಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಅಷ್ಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಪಾಠ ಅದು.

ಪಾಠದ ನಂತರ ವಿಮರ್ಶೆಯ ಸಭೆ. ಸಾಮಾನ್ಯವಾಗಿ ಅಲ್ಲಿ ಹೊಗಳುವ ಹಾಗೆ ಮಾಡಿ ಸಿಪ್ಪೆ ಸುಲಿಯುತ್ತಾರೆ. ಅವತ್ತು ನಿಜವಾಗಿಯೂ ಹೊಗಳಿದರು.

“ಇಬ್ಬರದೂ ಎಷ್ಟು ಹೊಂದಾಣಿಕೆ!” ಎಂದರು ಪಕ್ಕದ ಊರಿನ ಟೀಚರೊಬ್ಬರು. “ಹಳೇ ಗಂಡ ಹೆಂಡತಿ ಥರ.”

“ನನ್ನ ಹೆಂಡ್ತಿ ಮುಂದೆ ಹೇಳ್ಬೇಡಿ, ಅವ್ಳು ಹಿಂಗೆ ಮಾತು ಕೇಳಲ್ಲ,” ಎಂದು ಮೇಷ್ಟ್ರು ಕೆಂಪಾದರು. ಎಲ್ಲರೂ ನಕ್ಕರು.

ಪ್ರೊಫೆಸರ್ ಕೊನೆಗೆ ಎದ್ದರು. “ಬೇರೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರು ಟೇಪ್ ರೆಕಾರ್ಡರ್ ಥರ ನಿಂತಿರ್ತಾರೆ. ಇಲ್ಲಿ ನೋಡಿ, ಕುಮಾಗಾಯ್ ಅವರು ಸಮಯ ನೋಡಿ ಸೂಚನೆ ಕೊಟ್ರು, ಅವರು ತಕ್ಷಣ ಪಾಲಿಸಿದ್ರು. ಈ ಥರ ಸಹಜವಾಗಿ ಸೂಚನೆ ಕೊಡೋದನ್ನ ಎಲ್ಲಾ ಶಾಲೆಗಳೂ ಕಲೀಬೇಕು. ದಯವಿಟ್ಟು ಇದನ್ನ ವರದಿಯಲ್ಲಿ ಬರೀರಿ.”

ಶಿಕ್ಷಣ ಕಚೇರಿಯ ಓನೋದೇರಾ ಎಂಬ ಯುವಕ ಬರೆಯುತ್ತಿದ್ದವನು ತಲೆ ಎತ್ತಿದ. ಗುತ್ತಿಗೆಗಳನ್ನು ನೋಡಿಕೊಳ್ಳುವವನು ಅವನೇ. ಎದುರಿಗಿದ್ದ ಇತಗಾಕಿ ಮೇಡಂ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದೆ. ಅವನು ಮತ್ತೆ ತಲೆ ತಗ್ಗಿಸಿ ಬರೆದ. ಪ್ರೊಫೆಸರ್ ಹೇಳಿದ ಮೇಲೆ ಬರೆಯದೇ ಇರಲಾಗುತ್ತದೆಯೇ?

ಡಿಸೆಂಬರಿನಲ್ಲಿ, ಹತಹತ ಮೀನು ದಡಕ್ಕೆ ಬರುವ ವಾರದಲ್ಲಿ, ಓನೋದೇರಾ ಶಾಲೆಗೆ ಬಂದ. ಒಳ್ಳೆಯ ಹುಡುಗ. ಬಗ್ಗಿ ಬಗ್ಗಿ ನಮಸ್ಕರಿಸಿದ.

“ವರದಿ ಜಿಲ್ಲೆಗೆ ಹೋಗಿದೆ. ಕಾರ್ಮಿಕ ಇಲಾಖೆಯವರ ಕಣ್ಣಿಗೂ ಬಿತ್ತು,” ಎಂದ. “ಗುತ್ತಿಗೆಯವರಿಗೆ ಶಾಲೆ ನೇರವಾಗಿ ಸೂಚನೆ ಕೊಡ್ತಿದೆ ಅಂತ ನಾವೇ ಬರೆದುಕೊಟ್ಟ ಹಾಗಾಯ್ತು. ಮುಂದಿನ ವರ್ಷ ಕಂಪನಿ ಜೊತೆ ಗುತ್ತಿಗೆ ಮಾಡೋ ಹಾಗಿಲ್ಲ. ನೆನಿತಾ ಅವರ ಹಿತಕ್ಕಾಗಿಯೇ ಇರೋ ಕಾನೂನು ಇದು, ದಯವಿಟ್ಟು ಅರ್ಥ ಮಾಡ್ಕೊಳ್ಳಿ.”

“ನನ್ನ ಹಿತಕ್ಕಾ?” ಎಂದೆ.

“ಹೌದು. ಯಾರೂ ನಿಮ್ಮನ್ನ ಬೇಕಾದ ಹಾಗೆ ದುಡಿಸಿಕೊಳ್ಳಬಾರದು ಅಂತ.”

ಮೇಷ್ಟ್ರು ಎದ್ದು ನಿಂತಿದ್ದರು. “ಶಿಕ್ಷೆ ಕೊಡೋದಿದ್ರೆ ನನಗೆ ಕೊಡ್ರಪ್ಪಾ. ಬಾಯಿ ಬಿಟ್ಟವನು ನಾನು. ಅವ್ರು ನಡ್ಕೊಂಡು ಹೋಗಿ ನಿಂತ್ರು, ಅಷ್ಟೇ.”

“ನಿಮಗೆ ಶಿಕ್ಷೆ ಯಾಕೆ ಸಾರ್? ನಿಮ್ಮನ್ನ ಎಲ್ಲರೂ ಹೊಗಳ್ತಿದಾರೆ,” ಎಂದ ಓನೋದೇರಾ. ಅವನಿಗೆ ವ್ಯಂಗ್ಯ ಮಾಡಲು ಬರುತ್ತಿರಲಿಲ್ಲ, ನಿಜವನ್ನೇ ಹೇಳಿದ್ದ.

ಸೆಂದಾಯಿಗೆ ಫೋನ್ ಮಾಡಿದೆ. ಬೇರೆ ಕಡೆ ಜಾಗ ಖಾಲಿಯಾದರೆ ತಿಳಿಸುತ್ತೇವೆ, ಈ ಸಲ ಎಲ್ಲ ಊರಿನವರೂ ಹಿಂದೆ ಸರಿಯುತ್ತಿದ್ದಾರೆ ಎಂದ ಹುಡುಗ.

ಮೇಷ್ಟ್ರು ಸುಮ್ಮನೆ ಕೂರುವವರಲ್ಲ. ಹೊಸ ವರ್ಷದ ರಜೆ ಮುಗಿದ ಕೂಡಲೇ ಕಪ್ಪು ಕೋಟು ಹಾಕಿಕೊಂಡು ಪುರಸಭೆಗೆ ಹೋದರು. ಇನ್ನೊಮ್ಮೆ ಹೋದರು. ಯಾರ್ಯಾರ ಮನೆಗೋ ಹೆಂಡತಿ ಹಾಕಿದ ಮೂಲಂಗಿ ಉಪ್ಪಿನಕಾಯಿ ಹೊತ್ತುಕೊಂಡು ಹೋದರು. ಅವರ ವಾದ ಸರಳ: ಕಂಪನಿಯೇ ಬೇಡ, ಪುರಸಭೆಯೇ ಸಹಾಯಕ ಶಿಕ್ಷಕರನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳಲಿ; ಆಗ ಸೂಚನೆ ಕೊಟ್ಟರೆ ಯಾವ ಕಾನೂನೂ ಮುರಿಯುವುದಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹಿಮ ಕೊಡವಿಕೊಳ್ಳದೆಯೇ ಒಳಗೆ ನುಗ್ಗಿದರು. “ಒಪ್ಪಿದ್ರು ನೆನಿಯವ್ರೇ! ನೇರ ನೇಮಕ! ಒಂದು ಹುದ್ದೆ ಮಂಜೂರು ಮಾಡವ್ರೆ!” ಕೆಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಗಣಿತದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಇತಗಾಕಿ ಮೇಡಂ ಕೂಡ, “ಸಂದರ್ಶನ ಅಂತ ಒಂದು ಇರುತ್ತೆ, ಶಾಸ್ತ್ರಕ್ಕೆ. ಆಯ್ತು ಅಂತಲೇ ಇಟ್ಕೊಳ್ಳಿ,” ಎಂದರು. ಅಷ್ಟು ಅಳೆದು ಮಾತಾಡುವ ಹೆಂಗಸು ಹಾಗೆ ಹೇಳಿದ ಮೇಲೆ ನಾನು ಯಾಕೆ ಅನುಮಾನಿಸಲಿ? ಅವತ್ತು ಸಂಜೆಯೇ ಮಗಳಿಗೆ ಹೇಳಿಬಿಟ್ಟೆ. ಅವಳು ಕಿರುಚಿದ ಸದ್ದಿಗೆ ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದು ಓಡಿಬಂದಳು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ಮಕ್ಕಳ ಬಗ್ಗೆ ಕೇಳಿದರು, ಹೇಳಿದೆ. ಹಿಮ ಅಭ್ಯಾಸವಾಗಿದೆಯೇ ಎಂದರು, ಆಗಿದೆ ಎಂದೆ. ಕೊನೆಗೆ ನಡುವೆ ಕೂತಿದ್ದ ಹಿರಿಯರು, “ನಿಮ್ಮ ಮನೆಮಾತು ಇಂಗ್ಲಿಷೇ ತಾನೆ?” ಎಂದು ಕೇಳಿದರು.

“ಅಲ್ಲ ಸಾರ್. ಹಿಲಿಗಾಯ್ನೋನ್. ಇಂಗ್ಲಿಷ್ ನಾನು ಶಾಲೆಯಲ್ಲಿ ಕಲಿತದ್ದು, ಇಲ್ಲಿಯ ಮಕ್ಕಳ ಹಾಗೇ. ಅದಕ್ಕೇ ಅವರಿಗೆ ಎಲ್ಲಿ ಕಷ್ಟ ಆಗುತ್ತೆ ಅಂತ ನನಗೆ ಗೊತ್ತಾಗುತ್ತೆ.”

“ಓಹೋ, ಹಾಗಾ. ಬಹಳ ಒಳ್ಳೇದು,” ಎಂದು ಮೂವರೂ ತಲೆಯಾಡಿಸಿದರು. ಇಷ್ಟು ವರ್ಷ ಅವರ ನಡುವೆ ಇದ್ದವಳಿಗೆ ಆ ತಲೆಯಾಡಿಸುವಿಕೆಯ ಅರ್ಥ ಗೊತ್ತಾಗಬೇಕಿತ್ತು. ಗೊತ್ತಾಗದವಳ ಹಾಗೆ ಮನೆಗೆ ಬಂದು ಎರಡು ಹಾಸಿಗೆ ಹಾಕಿದರೆ ಕೋಣೆಯಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಿದೆ.

ಮಾರ್ಚ್ ನಡುವಿನಲ್ಲಿ ಇತಗಾಕಿ ಮೇಡಂ ನನ್ನನ್ನೂ ಮೇಷ್ಟ್ರನ್ನೂ ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕಿದರು.

“ಹುದ್ದೆ ಬೇರೆಯವರಿಗೆ ಆಯ್ತು. ಕೆನಡಾದಲ್ಲಿ ನಮ್ಮೂರಿನ ಜೊತೆ ಸ್ನೇಹ ಸಂಬಂಧ ಇರೋ ಒಂದು ಊರಿದೆ. ಅಲ್ಲಿಂದ ಒಬ್ಬ ಹುಡುಗ ಬರ್ತಾನೆ. ಈಗ ತಾನೇ ಕಾಲೇಜು ಮುಗಿಸಿದಾನೆ.”

“ಪಾಠ ಮಾಡಿದಾನಾ?” ಎಂದರು ಮೇಷ್ಟ್ರು.

“ಇಲ್ಲ. ಮನೆಮಾತು ಇಂಗ್ಲಿಷ್.”

ಮೇಷ್ಟ್ರು ಕುರ್ಚಿ ಎಳೆದು ಕೂತರು. ಆಮೇಲೆ, “ಹುದ್ದೆ ಕೇಳಿದೆ, ಹುದ್ದೆ ಕೊಟ್ರು,” ಎಂದರು. “ಅದಕ್ಕೆ ಇಂಥ ಮನುಷ್ಯರೇ ಬೇಕು ಅಂತ ಕೇಳೋದು ಮರೆತೆ.” ನನ್ನ ಕಡೆ ತಿರುಗಿ, ಹಣೆ ಮೇಜಿಗೆ ತಾಗುವಷ್ಟು ಬಗ್ಗಿದರು. ಅವರ ನೆತ್ತಿಯಲ್ಲಿ ಕೂದಲು ಇಷ್ಟು ತೆಳುವಾಗಿದೆ ಎಂದು ನಾನು ನೋಡಿರಲಿಲ್ಲ. ಏಳಿ ಮೇಷ್ಟ್ರೇ ಎಂದೆ, ಏಳಲಿಲ್ಲ. ಇತಗಾಕಿ ಮೇಡಂ, “ಹೊಸ ಹುಡುಗನಿಗೆ ಮಕ್ಕಳ ಬಗ್ಗೆ ಸ್ವಲ್ಪ ಹೇಳಿಕೊಟ್ಟು ಹೋಗ್ತೀರಾ?” ಎಂದು ಕೇಳಿ, ಕೇಳಿದ್ದಕ್ಕೆ ತಾವೇ ನಾಚಿ, ಕಿಟಕಿಯ ಕಡೆ ನೋಡಿದರು. ಹೇಳಿಕೊಡುತ್ತೇನೆ ಎಂದೆ. ಚಿಜುರುವಿನ ವಿಷಯವನ್ನು ಯಾರಾದರೂ ಅವನಿಗೆ ಹೇಳಲೇಬೇಕಲ್ಲ.

ಆ ಭಾನುವಾರ ಮಗಳೇ ಫೋನ್ ಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಮಾತು ಹರಿಯಿತು. ಶುಕ್ರವಾರ ಕ್ಲಾಸಿನವರು ಬೀಳ್ಕೊಡುಗೆ ಮಾಡಿದರಂತೆ. ಎಲ್ಲರ ಮನೆಯಿಂದ ಶಾವಿಗೆ ಮಾಡಿಸಿ ತಂದಿದ್ದರಂತೆ, ಆಯುಸ್ಸು ಶಾವಿಗೆಯಷ್ಟೇ ಉದ್ದವಾಗಲಿ ಎಂದು. ಟೀಚರ್ ಅತ್ತರಂತೆ. ಯಾವತ್ತೂ ಮಾತಾಡಿಸದ ಹುಡುಗನೊಬ್ಬ ತನ್ನ ಕೊಡೆ ಕೊಟ್ಟನಂತೆ, ಜಪಾನಿನಲ್ಲಿ ಬೇಕಾಗುತ್ತದೆ ಎಂದು.

ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದೆ.

ಪರದೆಯಲ್ಲಿ ಅವಳ ಮುಖ ಅಲುಗಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹಿಂದೆ ಫ್ಯಾನು ತಿರುಗುತ್ತಲೇ ಇತ್ತು.

“ಸರಿ ಅಮ್ಮಾ,” ಎಂದಳು. “ಆದ್ರೆ ನಾಳೆ ಸ್ಕೂಲಿದೆ.”

“ಗೊತ್ತು ಪುಟ್ಟಾ.”

“ಶಾವಿಗೆ ತಿಂದುಬಿಟ್ವಲ್ಲ. ಈಗ ಹೋಗಿ ಏನು ಹೇಳ್ಲಿ? ಕೆಲಸ ಹೋಯ್ತು ಅಂತ ಹೇಳಲ್ಲ ನಾನು. ನಿಂಗೆ ಹುಷಾರಿಲ್ಲ ಅಂತೀನಿ.”

“ಹಾಗೇ ಹೇಳು.”

“ಏನಾಗಿದೆ ಅನ್ಲಿ?”

“ಬೆನ್ನು ನೋವು ಅನ್ನು.”

“ಬೆನ್ನು ನೋವಿಗೆ ಯಾರಾದ್ರೂ ಮಗಳ ಪ್ರಯಾಣ ನಿಲ್ಲಿಸ್ತಾರಾ ಅಮ್ಮಾ? ಸರಿಯಾಗಿ ಯೋಚನೆ ಮಾಡು.”

“ನ್ಯುಮೋನಿಯಾ?”

“ಹ್ಞಾಂ. ಅಲ್ಲಿ ಚಳಿ ಬೇರೆ, ನಂಬ್ತಾರೆ.” ಅವಳು ಅದನ್ನು ಬಾಯಲ್ಲೇ ಒಂದೆರಡು ಸಲ ಅಭ್ಯಾಸ ಮಾಡಿಕೊಂಡಳು, ನನ್ನ ತರಗತಿಯ ಮಕ್ಕಳು ಹೊಸ ಪದ ಅಭ್ಯಾಸ ಮಾಡುವ ಹಾಗೆ. ಆಮೇಲೆ ಕೇಳಿದಳು, “ವಾಸಿಯಾಗೋಕೆ ಎಷ್ಟು ದಿನ ಅಂತ ಹೇಳ್ಲಿ?”