ದೊಡ್ಡಕ್ಕನ ಮೇಲಿನ ಅರ್ಜಿ

"ಆರು ತಿಂಗ್ಳಾತು ಬುದ್ಧಿ, ಇನ್ನೂ ರಾಗಿ ಬೀಸ್ತಾನೇ ಇದೀನಿ," ಎಂದ ಐಮಂಗಲದ ಬೋರಪ್ಪ.

ಹಿರಿಯೂರಿನ ಅಮಲ್ದಾರರು ಇದೇನೋ ಗಂಡಹೆಂಡಿರ ಜಗಳವೆಂದುಕೊಂಡು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಅಲ್ಲ, ಅದು ಮೂಳೆ ಕಟ್ಟುವ ದೊಡ್ಡಕ್ಕನ ಮೇಲಿನ ದೂರು. ಹುಣಸೆಮರದಿಂದ ಬಿದ್ದ ಬೋರಪ್ಪನ ಬಲಗೈಗೆ ಅವಳು ಬಿದಿರುದಬ್ಬೆ ಕಟ್ಟಿದ್ದಳು. ದಬ್ಬೆ ಬಿಚ್ಚಿದ ಮೇಲೆ ಬಿಗಿದ ಕೈ ಸಡಿಲವಾಗಲು ಅವಳಲ್ಲಿ ಎಲ್ಲರಿಗೂ ಒಂದೇ ಮದ್ದು: ದಿನಾ ಬೆಳಗ್ಗೆ ರಾಗಿಕಲ್ಲಿನ ಗೂಟ ಹಿಡಿದು ಬೀಸುವುದು.

ಗಂಡಸರು ಇದನ್ನು ಕದ ಹಾಕಿಕೊಂಡೇ ಮಾಡುತ್ತಿದ್ದರು. ಬೋರಪ್ಪನೂ ಹಾಕಿಕೊಂಡಿದ್ದ. ಆದರೆ ಕಲ್ಲಿನ ಸದ್ದಿನ ಜೊತೆಗೆ ಅವನ ಕೆಮ್ಮೂ ಬೀದಿಗೆ ಬಂದು, ಈಗ ಕಟ್ಟೆಯ ಮೇಲೆ ಕೂತವರೆಲ್ಲ ಏನಕ್ಕಾ, ಹಿಟ್ಟು ಆತಾ ಎಂದು ವಿಚಾರಿಸುತ್ತಿದ್ದರು. ಹೆಂಡತಿ ದ್ಯಾಮಮ್ಮ ಪ್ರತಿ ಅಮಾವಾಸ್ಯೆಗೂ ದೊಡ್ಡಕ್ಕನನ್ನು ಕೇಳಿ ಬಂದು, ಇನ್ನೊಂದು ತಿಂಗಳಂತೆ ಎನ್ನುತ್ತಿದ್ದಳಂತೆ. ವಾಸಿಮಾಡಲು ಬಾರದವಳು ದಿನ ದೂಡುತ್ತಿದ್ದಾಳೆ, ಇನ್ನು ಯಾರ ಕೈಕಾಲನ್ನೂ ಮುಟ್ಟದಂತೆ ಅವಳಿಗೆ ಹುಕುಂ ಆಗಬೇಕು ಎಂಬುದು ಅವನ ಅರ್ಜಿ.

ತಪ್ಪು ಕಂಡರೆ ಹಾಗೇ ಹುಕುಂ ಬರೆಯುತ್ತೇನೆಂದರು ಅಮಲ್ದಾರರು. ಕರೆಸಿದ್ದ ದೊಡ್ಡಕ್ಕ ಎದುರಿಗೇ ನಿಂತಿದ್ದಳು. ಅವ್ವ ಅವಳಿಗೆ ಕಲಿಸಿಹೋಗಿದ್ದು ಇದೊಂದೇ ಕಸುಬು.

"ಎಷ್ಟು ದಿನ ಬೀಸು ಅಂತ ಹೇಳಿದ್ದೆ?" ಎಂದು ಅಮಲ್ದಾರರು ಅವಳನ್ನು ಕೇಳಿದರು.

ದಬ್ಬೆ ಬಿಚ್ಚಲು ಹೋದ ದಿನ ಅವಳು ದ್ಯಾಮಮ್ಮನಿಗೆ ಹೇಳಿದ್ದು ನಲವತ್ತು ದಿನ. ಅಷ್ಟು ಹೇಳಿಬಿಟ್ಟರೆ ದೊಡ್ಡಕ್ಕ ಪಾರು. ಆದರೆ ಬಾಗಿಲಲ್ಲಿ ರೊಟ್ಟಿಗಂಟು ಹಿಡಿದು ದ್ಯಾಮಮ್ಮ ನಿಂತಿದ್ದಳು. ಅವಳು ಯಾವ ಅಮಾವಾಸ್ಯೆಗೂ ದೊಡ್ಡಕ್ಕನ ಬಳಿ ಬಂದಿರಲಿಲ್ಲ. ಬಂದದ್ದು ಹೋದ ವರ್ಷ, ಇಪ್ಪತ್ತು ವರ್ಷ ಬೀಸಿ ಹಿಡಿದುಕೊಂಡ ಭುಜವನ್ನು ನೀವಿಸಿಕೊಳ್ಳಲು. ಕಲ್ಲು ಮುಟ್ಟಬೇಡ ಎಂದು ದೊಡ್ಡಕ್ಕ ಹೇಳಿದಾಗ, ಮತ್ತೆ ಯಾರು ಬೀಸಬೇಕು ಎಂದು ನಕ್ಕಿದ್ದಳು. ಈಗ ಬಾಯಿಗೆ ಸೆರಗು ಹಿಡಿದು ನೆಲ ನೋಡುತ್ತಿದ್ದಳು.

"ದಿನ ನಾ ಹೇಳಿದ್ರೆ ಆಗಲ್ಲ ಬುದ್ಧಿ, ಕೈ ಹೇಳ್ಬೇಕು," ಎಂದಳು ದೊಡ್ಡಕ್ಕ. "ಒಂದು ರಾಗಿಕಲ್ಲು ತರಿಸ್ರಿ."

ಕಚೇರಿಯ ಹಿಂದಿದ್ದ ದಫೇದಾರನ ಮನೆಯಿಂದ ಕಲ್ಲು ಬಂತು. ಅದರ ಹಿಂದೆಯೇ ಅವನ ಹೆಂಡತಿ ಮುದ್ದಕ್ಕ ಮೊರದಲ್ಲಿ ರಾಗಿ ಹಿಡಿದು ಬಂದಳು. ಬೋರಪ್ಪ ಮೊದಲ ಮೂರು ಸುತ್ತು ನರಳುತ್ತಲೇ ತಿರುಗಿಸಿದ. ಮುದ್ದಕ್ಕ ಬಗ್ಗಿ ನೋಡಿ, ಇದು ಹಿಟ್ಟೋ ನುಚ್ಚೋ ಎಂದಳು. ಅವನಿಗೆ ಅದು ನಾಟಿತು. ಪಂಚೆ ಮೇಲೆ ಕಟ್ಟಿ, ಕಾಲು ಚಾಚಿ, ಎಡಗೈಯಲ್ಲಿ ಹಿಡಿಹಿಡಿ ರಾಗಿ ಬಿಡುತ್ತ ಬಲಗೈಯಲ್ಲಿ ಗರಗರ ತಿರುಗಿಸತೊಡಗಿದ. ತನಗೇ ಗೊತ್ತಿಲ್ಲದೆ ದ್ಯಾಮಮ್ಮನ ಬೀಸುವ ಪದದ ಧಾಟಿಯೂ ಮೂಗಿನಿಂದ ಹೊರಟಿತು. ಗುಮಾಸ್ತ ಲೇಖನಿ ಕೆಳಗಿಟ್ಟ. ಮುದ್ದಕ್ಕ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ತಲೆದೂಗಿದಳು.

"ಮನೇಲಿ ಇನ್ನೂ ನುಣ್ಣಗೆ ಬರ್ತೈತೆ," ಎಂದ ಬೋರಪ್ಪ, ಬೆವರು ಒರೆಸಿಕೊಳ್ಳುತ್ತ. "ಈ ಕಲ್ಲು ಮೊಂಡು."

ಕೈ ವಾಸಿಯಾಗಿದೆ, ಅರ್ಜಿ ವಜಾ ಎಂದರು ಅಮಲ್ದಾರರು. ಬೋರಪ್ಪ ಆಮೇಲೆ ನಾಲಿಗೆ ಕಚ್ಚಿಕೊಂಡ.

"ವಾಸಿ ಆಗಿದ್ರೆ ಇನ್ನು ಬಿಡಬೌದಲ್ಲ ದೊಡ್ಡಕ್ಕ?"

"ಬಿಟ್ರೆ ಮತ್ತೆ ಬಿಗಿತೈತೆ ಕಣಪ್ಪ. ದಿನಾ ಒಂದು ಸೇರು ಬೀಸು, ಸಾಕು."

ಅದನ್ನೂ ಹುಕುಂನಲ್ಲಿ ಸೇರಿಸುವಂತೆ ಅಮಲ್ದಾರರು ಗುಮಾಸ್ತನಿಗೆ ಸನ್ನೆ ಮಾಡಿದರು.

ಹೊರಗೆ ಮೆಟ್ಟಿಲ ಮೇಲೆ ದೊಡ್ಡಕ್ಕ ದ್ಯಾಮಮ್ಮನನ್ನು ಕೂರಿಸಿ ಅವಳ ಬಲಭುಜಕ್ಕೆ ಹೆಬ್ಬೆರಳು ಊರಿದಳು. ಒಳಗೆ ಮುದ್ದಕ್ಕ ಮೊರದಲ್ಲಿ ಉಳಿದಿದ್ದ ರಾಗಿಯನ್ನು ಬೋರಪ್ಪನ ಮುಂದೆ ಸುರಿದಳು.